ಗೆರೆ ಟೀಚರ್ ಮನೆಯ ಪ್ರಿಂಟರ್

ನಾನು ಪ್ರಿಂಟರ್ ರಿಪೇರಿಯವನು. ಇಪ್ಪತ್ತೆರಡು ವರ್ಷದಿಂದ ಮನೆ ಮನೆ ಅಲೆದು ಇದೇ ಕೆಲಸ ಮಾಡುತ್ತಿದ್ದೇನೆ. ಕೆಲಸ ಬರುತ್ತದೆ ಅನ್ನುವ ಕೊಬ್ಬು ಮೊದಲಿನಿಂದಲೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅರ್ಧ ಆ ಕೊಬ್ಬಿನ ಕಥೆಯೇ. ಗೆರೆ ಟೀಚರ್ ಕಣ್ಣು ಹೋಯಿತು. ಹಣೆಬರಹ ಅಂತ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ, ಉಳಿಸಿಕೊಳ್ಳಬಹುದಾಗಿದ್ದ ಕಣ್ಣು ಅದು. ಅದು ಹೋಗುತ್ತಿದ್ದ ಮೂರೂವರೆ ತಿಂಗಳಲ್ಲಿ ನಾಲ್ಕು ಸಲ ನಾನು ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಮೂರು ಸಲ "ಡ್ರೈವರ್ ಪ್ರಾಬ್ಲಂ" ಅಂತ ಹೇಳಿ ಚೀಲ ಹೆಗಲಿಗೇರಿಸಿ ಎದ್ದು ಬಂದಿದ್ದೆ.

ಡ್ರೈವರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಪ್ಯೂಟರಿನ ಮಾತು ಪ್ರಿಂಟರಿಗೆ ಅರ್ಥವಾಗುವುದಿಲ್ಲ. ಇಬ್ಬರ ನಡುವೆ ನಿಂತು ಇವನು ಹೇಳಿದ್ದನ್ನು ಅವನಿಗೆ ದಾಟಿಸುವುದಕ್ಕೆ ಒಂದು ಸಣ್ಣ ಪ್ರೋಗ್ರಾಂ ಬೇಕು, ಅದೇ ಡ್ರೈವರ್. ನಡುವೆ ನಿಂತವನು ಕೆಟ್ಟರೆ ಮಷೀನು ನೆಟ್ಟಗಿದ್ದರೂ ಕಾಗದದ ಮೇಲೆ ಎಡವಟ್ಟು. ಮನೆಗಳಲ್ಲಿ ನಾನು ನೋಡುವ ಹತ್ತು ರಗಳೆಯಲ್ಲಿ ಏಳು ಇವನದೇ. ಮಿಕ್ಕ ಮೂರು, ವೈರು ಸಿಕ್ಕಿಸುವುದನ್ನೇ ಮರೆತಿರುತ್ತಾರೆ. ಹಾಗಾಗಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಬಾಯಲ್ಲಿ ಡ್ರೈವರ್ ಅಂತ ಬಂದುಬಿಡುತ್ತಿತ್ತು. ನನಗೆ ಜ್ವರ ಬಂದರೂ ಡ್ರೈವರ್ ತೆಗೆದು ಹಾಕಿಕೊಳ್ಳುವ ಗಿರಾಕಿ ಅಂತ ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಈಗ ಆಡಿಕೊಳ್ಳುವುದಿಲ್ಲ.

ಗೆರೆ ಟೀಚರ್ ಅನ್ನುವುದು ನಾವು ಇಟ್ಟ ಹೆಸರು. ಆಗ ಬಟ್ಟೆ ಅಂಗಡಿಯ ಮಹಡಿ ಮೇಲೆ ಒಂದು ಟೈಪಿಂಗ್ ಶಾಲೆ ಇತ್ತು. ಉದ್ದನೆಯ ಕೋಣೆ, ಎರಡು ಸಾಲು ಬೆಂಚು, ಇಪ್ಪತ್ತು ಟೈಪ್‌ರೈಟರ್. ಎಲ್ಲವೂ ಒಟ್ಟಿಗೆ ಶುರುವಾದರೆ ಕೆಳಗೆ ಅಂಗಡಿಯವನು ಬಟ್ಟೆಯ ಅಳತೆ ಕೇಳುವುದಕ್ಕೂ ಕಿರುಚಬೇಕಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಕಲಿಸಲು ಬಂದ ಟೀಚರ್ ಆ ಸದ್ದಿನಲ್ಲೇ ಮೂವತ್ತೊಂದು ವರ್ಷ ಕಳೆದರು. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಮಷೀನಿನ ಮುಂದೆ ಕೂರುತ್ತೀರೋ ಆ ನಂಬರೇ ನಿಮ್ಮ ಹೆಸರು. ನಾನು ಎಂಟು. ಅವರ ಬಾಯಲ್ಲಿ ಇವತ್ತಿಗೂ ಎಂಟೇ. ಎರಡು ಸಲ ಪರೀಕ್ಷೆ ಕಟ್ಟಿದೆ, ಎರಡು ಸಲವೂ ಡುಮ್ಕಿ ಹೊಡೆದೆ. ಆದರೆ ಯಾವ ಮಷೀನು ಕೈಕೊಟ್ಟರೂ ಬಿಚ್ಚಿ ಸರಿ ಮಾಡುತ್ತಿದ್ದೆ. ಒಂದು ದಿನ ಟೀಚರ್ ನನ್ನ ಮುಂದಿನ ಪುಸ್ತಕ ಎತ್ತಿಟ್ಟು, ನಿನ್ನ ಬೆರಳು ಅಕ್ಷರದ ಮೇಲೆ ಓಡಲ್ಲ ಎಂಟು, ಅಕ್ಷರದ ಕೆಳಗೆ ಓಡತ್ತೆ ಅಂದು ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ನನ್ನ ಹೊಟ್ಟೆಪಾಡು ಶುರುವಾದದ್ದು ಅಲ್ಲಿಂದ.

ಗೆರೆ ಅಂತ ಯಾಕೆ ಹೆಸರಿಟ್ಟೆವು ಅಂದರೆ, ಅವರಷ್ಟು ಚೆನ್ನಾಗಿ ಕೋಷ್ಟಕ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಟೈಪ್‌ರೈಟರಿನಲ್ಲಿ ಅಡ್ಡಗೆರೆ, ಉದ್ದಗೆರೆ ಎರಡೂ ಮೂಲೆಯಲ್ಲಿ ಕೂದಲೆಳೆ ಬಿಡದೆ ಸೇರಬೇಕು. ನಾವು ಹೊಡೆದರೆ ಕೋಷ್ಟಕ ಸೊಟ್ಟ ಬಾಗಿಲಿನ ಹಾಗೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಅವರು ಮರದ ಸ್ಕೇಲು ಇಟ್ಟು ನೋಡಿ, ಏನೂ ಮಾತಾಡದೆ ಹಾಳೆ ಹರಿದು ಹೊಸ ಹಾಳೆ ಕೊಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಗೆರೆಯೇ ಸೊಟ್ಟಗಿದ್ದರೆ ಒಳಗಿರೋ ಅಂಕಿಯನ್ನ ಯಾರು ನಂಬ್ತಾರೆ ಅನ್ನುವುದು ಅವರ ವಾದ.

ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ದಿನಕ್ಕೆ ಇಪ್ಪತ್ತು ಸದ್ದು ಕೇಳ್ತೀನಿ, ಇಪ್ಪತ್ತೊಂದನೆಯದು ಬೇಡ ಅಂದುಬಿಡುತ್ತಿದ್ದರು. ತಂಗಿಯನ್ನು ಓದಿಸಿ ಗಣಿತದ ಮೇಡಂ ಮಾಡಿದರು. ಆ ತಂಗಿಗೂ ಈಗ ತಲೆ ನೆರೆತಿದೆ. ಇಬ್ಬರೂ ಒಂದೇ ಮನೆ, ಕೆಳಗೆ ಅಕ್ಕ, ಮೇಲೆ ತಂಗಿ. ಟೈಪಿಂಗ್ ಶಾಲೆ ಮುಚ್ಚಿದಾಗ ಟೀಚರಿಗೆ ಐವತ್ತು. ಎಲ್ಲರೂ ಇನ್ನು ಆರಾಮಾಗಿರಿ ಅಂದರೆ, ಇವರು ಒಂದು ಕಂಪ್ಯೂಟರ್ ಕೊಂಡುಕೊಂಡು, ಪುಸ್ತಕ ಎದುರಿಗಿಟ್ಟುಕೊಂಡು ಆರು ತಿಂಗಳಲ್ಲಿ ಕಲಿತರು. ಮುಂದಿನ ಕೋಣೆಯಲ್ಲಿ ಮೇಜು ಹಾಕಿ ಕೆಲಸ ಶುರುಮಾಡಿದರು. ಆಸ್ಪತ್ರೆಯ ನರ್ಸುಗಳ ಡ್ಯೂಟಿ ಪಟ್ಟಿ, ಗಿರಣಿಯ ಪಾಳಿ ಪಟ್ಟಿ, ಶಾಲೆಗಳ ವೇಳಾಪಟ್ಟಿ, ಬಸ್ ನಿಲ್ದಾಣದ ಗೋಡೆಗೆ ಅಂಟಿಸುವ ಸಮಯದ ಪಟ್ಟಿ. ಊರಲ್ಲಿ ಯಾರು ಯಾವಾಗ ಎಲ್ಲಿರಬೇಕು ಅನ್ನುವುದು ಅವರ ಗೆರೆಗಳ ಒಳಗೇ ಇತ್ತು ಅಂದರೆ ಜಾಸ್ತಿ ಹೇಳಿದ ಹಾಗಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಅವರ ಎಡಗಣ್ಣು ಹುಟ್ಟಿದಾಗಿನಿಂದ ಹೆಸರಿಗಷ್ಟೇ ಕಣ್ಣು. ಬೆಳಕು ಕಾಣುತ್ತದೆ, ಆಳು ಬಂದದ್ದು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಇಷ್ಟು ವರ್ಷ ಅಷ್ಟೂ ಗೆರೆ ಎಳೆದದ್ದು ಬಲಗಣ್ಣೊಂದರಿಂದ. ತಂಗಿಗೆ ಬಿಟ್ಟರೆ ಯಾರಿಗೂ ಅವರು ಹೇಳಿಕೊಂಡಿರಲಿಲ್ಲ.

ಅವರ ಮನೆಯ ನೆಟ್‌ವರ್ಕ್ ಕಟ್ಟಿಕೊಟ್ಟವನು ನಾನೇ. ದೊಡ್ಡದೇನಲ್ಲ. ರೌಟರ್ ಮೇಲೆ ತಂಗಿಯ ಕೋಣೆಯಲ್ಲಿ, ಪ್ರಿಂಟರ್ ಕೆಳಗೆ ಮುಂದಿನ ಕೋಣೆಯಲ್ಲಿ, ಟೀಚರ್ ಕಂಪ್ಯೂಟರಿನಿಂದಲೂ ತಂಗಿಯ ಲ್ಯಾಪ್‌ಟಾಪಿನಿಂದಲೂ ಅದೇ ಒಂದು ಪ್ರಿಂಟರಿಗೆ ಹೊಡೆಯಬಹುದು. ತಂಗಿ ಮಹಡಿಯಿಂದ ಪ್ರಶ್ನೆಪತ್ರಿಕೆ ಕಳಿಸಿದರೆ ಕೆಳಗೆ ಟೀಚರ್ ಎತ್ತಿಟ್ಟು, ಒಂದೆರಡು ತಪ್ಪು ಪೆನ್ಸಿಲಿನಲ್ಲಿ ಗುರುತು ಹಾಕಿ ಮೆಟ್ಟಿಲ ಮೇಲಿಡುತ್ತಿದ್ದರು. ನಾಲ್ಕು ವರ್ಷ ಏನೂ ತಕರಾರಿರಲಿಲ್ಲ.

ಮೊದಲನೇ ಸಲ ಫೋನ್ ಬಂದಾಗ, ಇಂಕು ಬದಲಾಯಿಸಿದ ಮೇಲೆ ಉದ್ದಗೆರೆ ನಡುವೆ ಬಾಗುತ್ತಿದೆ ಅಂದರು. ಹೋದೆ. ಹಾಳೆ ನೋಡಿದೆ. ನಿಜ, ಗೆರೆ ಮುರಿದಿತ್ತು. ಒಂದು ತುಂಡು ಇಲ್ಲಿ, ಅದರ ಕೆಳಗಿನ ತುಂಡು ಒಂದು ಕೂದಲೆಳೆ ಆಚೆ, ಪುಟದ ತುದಿಯವರೆಗೂ ಹಾಗೇ ಮೆಟ್ಟಿಲು ಮೆಟ್ಟಿಲು. ಮೇಲೆ ಹೋಗಿ ತಂಗಿಯ ಲ್ಯಾಪ್‌ಟಾಪಿನಿಂದ ಒಂದು ಪುಟ ಹೊಡೆದು, ಕೆಳಗೆ ಬಂದು ನೋಡಿದೆ. ಗೆರೆ ನೆಟ್ಟಗೆ ಬಂತು. ಅದೇ ಪ್ರಿಂಟರ್, ಅದೇ ಇಂಕು, ಅದೇ ಕಾಗದ. ಒಂದು ಕಂಪ್ಯೂಟರಿನಿಂದ ಸರಿ, ಇನ್ನೊಂದರಿಂದ ತಪ್ಪು. ಇದಕ್ಕಿಂತ ಸ್ಪಷ್ಟವಾಗಿ ರೋಗ ಹೇಳುವುದಕ್ಕೆ ಯಾವ ಡಾಕ್ಟರಿಗೂ ಆಗುವುದಿಲ್ಲ ಅಂದುಕೊಂಡು ಎದೆಯುಬ್ಬಿಸಿಕೊಂಡೇ ಟೀಚರ್ ಕಂಪ್ಯೂಟರಿನ ಮುಂದೆ ಕೂತೆ. ಡ್ರೈವರ್ ಕಿತ್ತು ಹಾಕಿದೆ, ಹೊಸದು ಹಾಕಿದೆ, ಟೆಸ್ಟ್ ಪುಟ ಹೊಡೆದೆ. ಗೆರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬಂತು. ಟೀಚರ್ ಆ ಹಾಳೆಯನ್ನು ಕಿಟಕಿ ಹತ್ತಿರ ಒಯ್ದು ತುಂಬಾ ಹೊತ್ತು ನೋಡಿದರು. ಸರಿ ಇದೆಯಾ ಅಂತ ನನ್ನನ್ನೇ ಕೇಳಿದರು. ಸರಿ ಇದೆ ಅಂದೆ. ಹಾಗಿದ್ರೆ ಸರಿ ಅಂದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಹೊಸ ಡ್ರೈವರ್ ಹಾಕಿದ ಮೇಲೆ, ಇಂಕು ಬದಲಾಯಿಸಿದಾಗಲೂ, ಅಲೈನ್‌ಮೆಂಟ್ ಅಂತ ಒಂದು ಕೆಲಸ ಇರುತ್ತದೆ. ಪ್ರಿಂಟರ್ ಒಂದು ಹಾಳೆ ತುಂಬ ಗೆರೆಗಳ ಗುಂಪು ಹೊಡೆದು ಕೊಡುತ್ತದೆ, ಒಂದರಿಂದ ಒಂಬತ್ತರವರೆಗೆ ನಂಬರ್ ಹಾಕಿರುತ್ತದೆ. ಯಾವುದು ಎಲ್ಲಕ್ಕಿಂತ ನೆಟ್ಟಗಿದೆಯೋ ಅದರ ನಂಬರನ್ನು ನಾವು ನೋಡಿ ಒತ್ತಬೇಕು. ಅದರ ಪ್ರಕಾರ ಅದು ತನ್ನ ಗೆರೆ ತಿದ್ದಿಕೊಳ್ಳುತ್ತದೆ. ಮೂರು ಹಾಳೆ, ಹತ್ತು ನಿಮಿಷ ತಿನ್ನುವ ಕೆಲಸ. ನಾನು ಯಾರ ಮನೆಯಲ್ಲೂ ಅದನ್ನು ಮಾಡುತ್ತಿರಲಿಲ್ಲ. ಟೆಸ್ಟ್ ಪುಟ ಚೆನ್ನಾಗಿ ಬಂದರೆ, ಆಮೇಲೆ ಅದು ಕೇಳತ್ತೆ, ಬಿಡುವಾದಾಗ ನೀವೇ ಮಾಡಿಕೊಳ್ಳಿ ಅಂತ ಹೇಳಿ ಕಾಲು ಕೀಳುತ್ತಿದ್ದೆ. ಮುಂದಿನ ಮನೆಯವರು ಕಾಯುತ್ತಿರುತ್ತಾರೆ ಅನ್ನುವುದು ನನ್ನ ನೆಪ. ಟೀಚರಿಗೂ ಹಾಗೇ ಹೇಳಿ ಬಂದೆ.

ಹನ್ನೆರಡು ದಿನಕ್ಕೆ ಮತ್ತೆ ಫೋನ್. ಮತ್ತೆ ಗೆರೆ ಮುರಿದಿದೆ. ಹೋಗಿ ನೋಡಿದರೆ ಅವರ ಕಂಪ್ಯೂಟರಿನಲ್ಲಿ ಅದೇ ಪ್ರಿಂಟರ್ ಎರಡು ಹೆಸರಲ್ಲಿ ಕೂತಿತ್ತು, ಒಂದು ಹಳೆಯದು, ಒಂದು ಅದರ ನಕಲು. ಕರೆಂಟು ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿತ್ತು, ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ಇನ್ನೊಂದನ್ನು ಹುಟ್ಟಿಸಿಕೊಂಡಿತ್ತು. ಮನೆಗಳಲ್ಲಿ ಇದು ದಿನಬೆಳಗಾದರೆ ಆಗುವಂಥದ್ದು. ಸಿಕ್ಕಿಬಿದ್ದ ಕಳ್ಳ ಅಂತ ಖುಷಿಯಾಗಿ ನಕಲನ್ನು ಅಳಿಸಿದೆ, ಪ್ರಿಂಟರಿಗೆ ಬದಲಾಗದ ವಿಳಾಸ ಕೊಟ್ಟೆ, ಡ್ರೈವರನ್ನು ಮತ್ತೆ ಕಿತ್ತು ಮತ್ತೆ ಹಾಕಿದೆ. ಟೆಸ್ಟ್ ಪುಟ ಮತ್ತೆ ನೆಟ್ಟಗೆ. ಮೇಲಿಂದ ತಂಗಿ ಇಳಿದು ಬಂದು, ನನ್ನದು ಯಾವಾಗಲೂ ಸರಿಯಾಗೇ ಬರುತ್ತೆ, ಅಕ್ಕನದಕ್ಕೇ ಏನಾಗಿದೆಯೋ ಅಂದರು. ಅಕ್ಕನದಕ್ಕೇ ಏನಾಗಿದೆ ಅಂತ ಆ ಕೋಣೆಯಲ್ಲಿದ್ದ ಮೂವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಕೇಳಲಿಲ್ಲ.

ಮೂರನೇ ಸಲ ಹೋದಾಗ ನನಗೆ ಸಿಟ್ಟು ಬಂದಿತ್ತು. ಮೂಗಿನ ತುದಿಯಲ್ಲೇ ಇರುತ್ತದೆ ನನಗೆ ಸಿಟ್ಟು, ಅದರ ಮೇಲೆ ಕೆಲಸ ಎರಡು ಸಲ ಕೈಕೊಟ್ಟಿದೆ. ಏನೇನು ಮುಟ್ಟಿದಿರಿ ಅಂತ ಪೊಲೀಸಿನವನ ಹಾಗೆ ವಿಚಾರಿಸಿದೆ. ಏನೂ ಮುಟ್ಟಿಲ್ಲ, ಅದು ಅಲೈನ್‌ಮೆಂಟ್ ಕೇಳ್ತು, ನೀನು ಹೇಳಿದ ಹಾಗೆ ಮಾಡಿದೆ ಅಂದರು. ಅದನ್ನು ಮಾಡಲೇಬೇಕು, ಅದು ಸರಿ ಅಂದೆ ನಾನು. ನನ್ನ ಬಾಯಿಂದಲೇ ಬಂತು ಆ ಮಾತು. ಈ ಸಲ ಪರದೆಯ ಮೇಲೂ ಗೆರೆ ಅಲೆಅಲೆಯಾಗಿ ಕಾಣುತ್ತದೆ ಅಂದರು. ಪರದೆ ನೋಡಿದೆ, ನನಗೇನೂ ಕಾಣಲಿಲ್ಲ. ಆದರೂ ವೈರು ಬದಲಾಯಿಸಿ, ಪರದೆಯ ಡ್ರೈವರ್ ಕೂಡ ಹೊಸದು ಹಾಕಿದೆ. ನಾನು ಮೇಜಿನಡಿ ಬಗ್ಗಿ ವೈರು ಎಳೆಯುತ್ತಿದ್ದಾಗ ಟೀಚರ್ ನನ್ನ ಬೆನ್ನ ಹಿಂದೆ ನಿಂತು ಕೇಳಿದರು:

"ಕಿಟಕಿ ಸರಳೂ ಬಾಗಿದ ಹಾಗೆ ಕಾಣತ್ತೆ ಎಂಟು. ಅದಕ್ಕೇನು ಮಾಡ್ಬೇಕು?"

ನಾನು ತಲೆ ಎತ್ತಲೂ ಇಲ್ಲ. ಅದಕ್ಕೆ ಕಬ್ಬಿಣದ ಕೆಲಸದವನನ್ನ ಕರೀರಿ ಟೀಚರ್, ನನ್ನ ಕೈಲಾಗಲ್ಲ ಅಂತ ನಕ್ಕೆ. ಅವರೂ ನಕ್ಕರು. ಆ ನಗು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಹೋಗುವ ಮೊದಲು ಎಂದಿನಂತೆ ಟೆಸ್ಟ್ ಪುಟ ಎತ್ತಿ ತೋರಿಸಿದೆ. ಪಕ್ಕಾ ಡ್ರೈವರೇ ಟೀಚರ್, ಇನ್ನು ತಲೆ ಕೆಡಿಸ್ಕೋಬೇಡಿ ಅಂದೆ.

ಅದಾದ ಮೇಲೆ ಅವರ ಕೆಲಸವೇ ಕೆಡತೊಡಗಿತು. ಗಿರಣಿಯ ಪಾಳಿ ಪಟ್ಟಿಯಲ್ಲಿ ಒಂದು ಸಾಲು ಪೂರ್ತಿ ಬಿಟ್ಟುಹೋಗಿತ್ತಂತೆ. ಆಸ್ಪತ್ರೆಯವರು ಪಟ್ಟಿ ವಾಪಸ್ ಕಳಿಸಿದರು, ಒಬ್ಬಳೇ ನರ್ಸಿಗೆ ಒಂದೇ ದಿನ ಎರಡು ವಾರ್ಡು ಬಿದ್ದಿತ್ತು. ಇಷ್ಟು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಬಸ್ ನಿಲ್ದಾಣದವರು ವಾಪಸ್ ಕಳಿಸುವ ಗೋಜಿಗೆ ಹೋಗದೆ ಬೇರೆ ಕಡೆ ಮಾಡಿಸಿಕೊಂಡರು. ತಂಗಿ ನನಗೆ ಫೋನ್ ಮಾಡಿ, ಆ ಹಾಳು ಪ್ರಿಂಟರನ್ನ ಎಸೆದು ಬೇರೆ ಕೊಡಿಸಿಬಿಡಿ, ಅಕ್ಕ ಊಟ ಬಿಟ್ಟು ಕೂತಿದ್ದಾಳೆ ಅಂದರು. ಪ್ರಿಂಟರ್ ಚೆನ್ನಾಗಿದೆ, ಡ್ರೈವರ್ ಕಾಟ, ಈ ಸಲ ಎಷ್ಟು ಹೊತ್ತಾದರೂ ಕೂತು ಪತ್ತೆ ಹಚ್ಚುತ್ತೇನೆ ಅಂದೆ. ಹಟಕ್ಕೆ ಬಿದ್ದಿದ್ದೆ.

ನಾಲ್ಕನೇ ಸಲ ಬೆಳಿಗ್ಗೆ ಹತ್ತಕ್ಕೆ ಹೋದೆ. ಎಲ್ಲ ಕಿತ್ತು ಎಲ್ಲ ಹಾಕಿ, ಈ ಸಲ ಎದ್ದು ಹೋಗದೆ ಕೂತೆ. ನೀವು ಎಂದಿನಂತೆ ಎಲ್ಲ ಮಾಡಿ ಟೀಚರ್, ಎಲ್ಲಿ ತಪ್ಪುತ್ತದೆ ನೋಡೋಣ ಅಂದೆ. ಅಲೈನ್‌ಮೆಂಟ್ ಕೇಳಿತು. ಹಾಳೆ ಬಂತು. ಅವರು ಅದನ್ನು ಮುಖದ ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ ಕತ್ತು ಓರೆ ಮಾಡಿ ಪಕ್ಕಕ್ಕೆ ಹಿಡಿದು ನೋಡಿದರು. ಏಳು ಅಂದರು. ಕೀಲಿಮಣೆಯ ಮೇಲೆ ಏಳು ಒತ್ತಲು ಬೆರಳು ಹೋಯಿತು.

ನಾನು ಹಾಳೆ ಇಸಕೊಂಡೆ. ಎಳೆ ಮಗುವೂ ಹೇಳುತ್ತಿತ್ತು, ನೆಟ್ಟಗಿದ್ದದ್ದು ನಾಲ್ಕು. ಏಳರಲ್ಲಿ ಗೆರೆ ಉದುರಿದ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು.

"ನಾಲ್ಕಲ್ವಾ ಟೀಚರ್?"

"ನಾಲ್ಕು ಬಾಗಿದೆಯಲ್ಲೋ," ಅಂದರು.

ಒಂದೇ ಕ್ಷಣದಲ್ಲಿ ಮೂರೂ ಸಲದ್ದು ನನ್ನ ಕಣ್ಮುಂದೆ ಬಿಚ್ಚಿಕೊಂಡಿತು. ಆ ಮಾಡೆಲಿನಲ್ಲಿ ಅಲೈನ್‌ಮೆಂಟ್ ಪ್ರಿಂಟರಿನೊಳಗೆ ಉಳಿಯುವುದಿಲ್ಲ, ಒತ್ತಿದ ಕಂಪ್ಯೂಟರಿನ ಡ್ರೈವರಿನಲ್ಲೇ ಉಳಿಯುತ್ತದೆ. ಅದಕ್ಕೇ ತಂಗಿಯದು ಸರಿ, ಇವರದು ತಪ್ಪು. ನಾನು ಹೊಸ ಡ್ರೈವರ್ ಹಾಕಿದಾಗೆಲ್ಲ ಗೆರೆ ನೆಟ್ಟಗಾಗುತ್ತಿತ್ತು. ನೆಟ್ಟಗಿದ್ದ ಗೆರೆ ಅವರ ಕಣ್ಣಿಗೆ ಬಾಗಿ ಕಾಣುತ್ತಿತ್ತು. ಪಾಪ, ಅವರು ಪ್ರತಿ ಸಲ ಕೂತು, ತಮ್ಮ ಕಣ್ಣಿಗೆ ನೆಟ್ಟಗೆ ಕಂಡ ಸೊಟ್ಟ ಗೆರೆಯನ್ನು ಆರಿಸಿ, ಚೆನ್ನಾಗಿದ್ದ ಪ್ರಿಂಟರನ್ನು ತಾವೇ ಕೆಡಿಸುತ್ತಿದ್ದರು. ನಾನು ಬಂದು ಕೆಟ್ಟ ಹಾಳೆ ನೋಡಿ, ಹೌದು ಕೆಟ್ಟಿದೆ ಅನ್ನುತ್ತಿದ್ದೆ. ಹಾಳೆಯಲ್ಲಿ ತಪ್ಪು ಕಂಡದ್ದೇ ಕಣ್ಣಿನ ತಪ್ಪು ಮುಚ್ಚಿಹೋಯಿತು. ಟೆಸ್ಟ್ ಪುಟ ಇಪ್ಪತ್ತೆರಡು ವರ್ಷ ಎತ್ತಿ ತೋರಿಸಿದ್ದೇನೆ, ಓದಿ ಹೇಳಿ ಅಂತ ಒಬ್ಬರನ್ನೂ ಕೇಳಿದವನಲ್ಲ.

ನನ್ನ ಮುಖ ಕಾಣುತ್ತದೆಯೇ ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನ ಕಡೆ ನೋಡಿದರು. "ಕಿವಿ ಎರಡೂ ಕಾಣತ್ತೆ," ಅಂದರು. "ಮೂಗು ಇರೋ ಕಡೆ ಏನೂ ಇಲ್ಲ."

ಅದೇ ಬಟ್ಟೆಯಲ್ಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರಕೊಂಡು ಹೋದೆ. ತಂಗಿಯನ್ನು ಶಾಲೆಯಿಂದ ಅಲ್ಲಿಗೇ ಬರಲು ಹೇಳಿದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಬೆಳಗಿನಿಂದ ನೋಡಿ ನೋಡಿ ಸುಸ್ತಾಗಿದ್ದಳು. ಚೌಕ ಚೌಕ ಗೆರೆ ಎಳೆದ, ನಡುವೆ ಒಂದು ಚುಕ್ಕೆ ಇಟ್ಟ ಕಾರ್ಡು ಕೊಟ್ಟು, ಗೆರೆ ಹೇಗೆ ಕಾಣುತ್ತದೆ ಅಂತ ಕೇಳಿದಳು. ಟೀಚರ್ ಅದನ್ನು ಹಿಡಿದು, ಇದನ್ನ ಹೊಡೆದೋರ ಪ್ರಿಂಟರೂ ಕೆಟ್ಟಿದೆ ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ನೂರಾರು ಮನೆಗಳಲ್ಲಿ ನೀವೇ ಮಾಡಿಕೊಳ್ಳಿ ಅಂತ ಬಿಟ್ಟು ಬಂದ ಗೆರೆಗಳ ಹಾಳೆಗೂ ಆ ಕಾರ್ಡಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ.

ಕಣ್ಣಿನ ಹಿಂಭಾಗದ ಪರದೆಯಲ್ಲಿ, ಸರಿಯಾಗಿ ನೋಟದ ನಡುವೆ, ಸಣ್ಣ ರಕ್ತನಾಳ ಒಸರಿದೆ ಅಂದಳು ಡಾಕ್ಟರ್. ಗೆರೆ ಬಾಗಿ ಕಾಣುವುದೇ ಇದರ ಮೊದಲ ಗುರುತಂತೆ. ಆಗಲೇ ಬಂದು ಕಣ್ಣಿಗೆ ಸೂಜಿ ಮದ್ದು ಹಾಕಿಸಿಕೊಂಡರೆ ಬಹಳ ಜನರಿಗೆ ನೋಟ ನಿಲ್ಲುತ್ತದಂತೆ. ಈಗ ಅಲ್ಲಿ ಗಾಯ ಮಾಗಿ ಕಲೆ ಕಟ್ಟಿದೆ. ಹಾಕುತ್ತೇವೆ, ಆದರೆ ಹೋದದ್ದು ಬರುವುದಿಲ್ಲ. ಯಾವಾಗಿಂದ ಬಾಗಿ ಕಾಣುತ್ತಿತ್ತು ಅಂತ ಕೇಳಿದಳು. ಈಚೆಗೆ ಅಂದರು ಟೀಚರ್, ನೆಲ ನೋಡಿಕೊಂಡು. ನನ್ನ ಚೀಲದಲ್ಲಿ ಕೆಲಸದ ಚೀಟಿ ಪುಸ್ತಕ ಇತ್ತು. ಮೊದಲನೇ ಸಲ ಅವರ ಮನೆಗೆ ಹೋದ ತಾರೀಕು ಅದರಲ್ಲಿತ್ತು, ಕೆಳಗೆ ನನ್ನದೇ ಕೈಬರಹ: ಗೆರೆ ಬಾಗುತ್ತದೆ, ಡ್ರೈವರ್. ತಾರೀಕು ಓದಿ ಹೇಳಿದೆ. ಡಾಕ್ಟರ್ ಬರೆದುಕೊಂಡಳು. ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ತಂಗಿ ನನ್ನ ಪಕ್ಕ ಕೂತರು. ಒಂದೇ ಮನೆಯಲ್ಲಿದ್ದೂ ನಿಮಗೆ ಗೊತ್ತಾಗಲಿಲ್ಲವೇ ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಅಷ್ಟು ನಾಚಿಕೆಗೆಟ್ಟವನು ನಾನು. ಅಷ್ಟರಲ್ಲಿ ಅವರೇ ಮಾತಾಡಿದರು. ಜೋರು ಮಾಡಲಿಲ್ಲ, ಅಳಲಿಲ್ಲ.

"ಒಂದು ಸಲ, ಒಂದೇ ಒಂದು ಸಲ, ಗೊತ್ತಾಗ್ತಿಲ್ಲ ಅಂತ ನೀವು ಹೇಳಿದ್ರೆ ಸಾಕಿತ್ತು. ನಾವು ಬೇರೆ ಏನಾದ್ರೂ ಯೋಚನೆ ಮಾಡ್ತಿದ್ವಿ."

ಸ್ಕೂಟರ್ ತಗೊಂಡು ಮನೆಗೆ ಬಂದು, ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಸಮಾಧಾನ ಮಾಡಲು ಬಂದಳು. ನೀನು ಪ್ರಿಂಟರ್‌ನೋನು, ಕಣ್ಣಿನ ವಿಷಯ ನಿನಗೇನು ಗೊತ್ತು ಅಂದಳು. ಅದೇ ನೋಡು, ಗೊತ್ತಿಲ್ಲ ಅನ್ನೋದೇ ಗೊತ್ತಿರಲಿಲ್ಲ ಅಂತ ಅವಳ ಮೇಲೇ ರೇಗಿದೆ.

ಮೂರು ಸೂಜಿ ಹಾಕಿದರು. ಏನೂ ಆಗಲಿಲ್ಲ. ಸುತ್ತ ಕಾಣುತ್ತದೆ, ನಡುವೆ ಕಾಣುವುದಿಲ್ಲ. ಮನೆಯೊಳಗೆ ಎಡವದೆ ಓಡಾಡುತ್ತಾರೆ, ಲೋಟ ಎತ್ತುತ್ತಾರೆ, ಬಾಗಿಲು ತೆಗೆಯುತ್ತಾರೆ. ಏನನ್ನು ನೆಟ್ಟಗೆ ದಿಟ್ಟಿಸಿದರೋ ಅದು ಮಾಯ. ಹಾಳೆ ಹಿಡಿದರೆ ನಾಲ್ಕು ಅಂಚು ಇರುತ್ತದೆ, ಬರೆದದ್ದು ಇರುವುದಿಲ್ಲ. ಬೆರಳು ಈಗಲೂ ಹಿಂದಿನಷ್ಟೇ ವೇಗ, ಒಂದು ತಪ್ಪಿಲ್ಲದೆ ಟೈಪ್ ಮಾಡುತ್ತಾರೆ. ಆದರೆ ಎದುರಿಗಿರುವ ಕಾಗದ ಓದಿ ಹೇಳಲು ಒಬ್ಬರು ಬೇಕು, ಕೋಷ್ಟಕವಂತೂ ಆಗುವುದೇ ಇಲ್ಲ. ಉಳಿದಿದ್ದ ಎರಡು ಶಾಲೆಗಳಿಗೆ ತಾವೇ ಫೋನ್ ಮಾಡಿ ಇನ್ನು ಮೇಲೆ ಬೇಡ ಅಂದರಂತೆ. ಇದೆಲ್ಲ ನನಗೆ ಇನ್ನೊಬ್ಬ ಗಿರಾಕಿಯಿಂದ ಗೊತ್ತಾದದ್ದು. ಆ ಬೀದಿಯಲ್ಲಿ ಕೆಲಸ ಬಂದರೂ ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಮುಖ ತೋರಿಸುವ ಧೈರ್ಯ ಇರಲಿಲ್ಲ, ಅಷ್ಟೇ.

ಮೊನ್ನೆ ಟೀಚರೇ ಫೋನ್ ಮಾಡಿದರು. ಪ್ರಿಂಟರನ್ನು ಮಹಡಿ ಮೇಲೆ ತಂಗಿಯ ಕೋಣೆಗೆ ಸಾಗಿಸಬೇಕಂತೆ, ತಮ್ಮ ಕಂಪ್ಯೂಟರಿನಿಂದ ತೆಗೆದುಬಿಡಬೇಕಂತೆ. ಹೋದೆ. ಮಧ್ಯಾಹ್ನ ಮೂರು ಗಂಟೆ. ಬಾಗಿಲು ತೆರೆದೇ ಇತ್ತು. ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ನನ್ನನ್ನು ನೋಡಲು ಮುಖ ಆಚೆ ತಿರುಗಿಸಿಕೊಂಡರು, ಹಾಗೆ ಮಾಡಿದರೆ ಸ್ವಲ್ಪ ಕಾಣುತ್ತದಂತೆ. ಕೂತ್ಕೋ ಎಂಟು ಅಂದರು. ಕೂತು ಡ್ರೈವರ್ ತೆಗೆಯತೊಡಗಿದೆ. ಅಳಿಸಲೇ ಅಂತ ಕಂಪ್ಯೂಟರ್ ಕೇಳಿತು. ಹೌದು ಅಂತ ಒತ್ತಲು ಕೈ ಬರಲಿಲ್ಲ.

ನನ್ನಿಂದ ದೊಡ್ಡ ತಪ್ಪಾಯಿತು ಟೀಚರ್ ಅಂದೆ. ಇನ್ನೂ ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಅವರು ಕೈ ಎತ್ತಿ ತಡೆದರು.

"ಎರಡನೇ ಸಲ ನೀನು ಬಂದು ಹೋದ ಮಾರನೇ ದಿನವೇ ನನಗೆ ಗೊತ್ತಾಯ್ತು. ಬಚ್ಚಲಲ್ಲಿ ಎಡಗಣ್ಣು ಮುಚ್ಚಿಕೊಂಡು ಕನ್ನಡಿ ನೋಡ್ಕೊಂಡೆ. ಸುತ್ತ ಕೂದಲು ನೆಟ್ಟಗಿತ್ತು. ಮುಖ ಬಾಗಿತ್ತು."

ಹಾಗಿದ್ದರೆ ಆಮೇಲೂ ನನ್ನನ್ನು ಯಾಕೆ ಕರೆದಿರಿ ಅಂತ ಕೇಳಿದೆ. ಸಿಟ್ಟಿನಲ್ಲೇ ಕೇಳಿದೆನೋ ಏನೋ.

"ಡಾಕ್ಟರ್ ಹತ್ರ ಹೋಗಿದ್ರೆ ಕಣ್ಣು ಅಂತಿದ್ರು," ಅಂದರು. "ನಿನ್ನ ಕರೆದ್ರೆ ಡ್ರೈವರ್ ಅಂತಿದ್ದೆ. ಇದೊಂದೇ ಕಣ್ಣು ಕಣೋ ಇದ್ದದ್ದು. ಅದು ಹೋದ್ರೆ ನಾನು ಏನು ಅಂತ ಯೋಚನೆ ಮಾಡೋಕೂ ಭಯ ಆಗ್ತಿತ್ತು. ನೀನು ಎಷ್ಟು ಗಟ್ಟಿಯಾಗಿ ಹೇಳ್ತಿದ್ದೆ ಅಂದ್ರೆ, ನೀನು ಹೋದ ಮೇಲೆ ನಾಲ್ಕು ದಿನ ನಂಬಿಕೊಂಡು ಇರಬಹುದಿತ್ತು. ನಿದ್ದೆ ಬರ್ತಿತ್ತು. ಐದನೇ ದಿನಕ್ಕೆ ಭಯ ಶುರುವಾಗ್ತಿತ್ತು, ಮತ್ತೆ ಫೋನ್ ಮಾಡೋಣ ಅನ್ನಿಸ್ತಿತ್ತು."

ಬೈದಿದ್ದರೆ, ಎರಡೇಟು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ. ಮೇಲೆ ತಂಗಿಯ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅವರು ಮುಖವನ್ನು ಇನ್ನಷ್ಟು ಆಚೆ ತಿರುಗಿಸಿ, ಕಣ್ಣಿನ ಅಂಚಿನಿಂದ ನನ್ನನ್ನು ಹಿಡಿಯಲು ನೋಡಿದರು.

"ಇನ್ನೊಂದು ಸಲ ಹೇಳು," ಅಂದರು.

"ಏನಂತ ಟೀಚರ್?"

"ಡ್ರೈವರ್ ಅಂತ."

ಹೇಳಲೇಬಾರದು ಅಂದುಕೊಂಡೆ. ಹೇಳಿದೆ. ಡ್ರೈವರೇ ಟೀಚರ್, ತಲೆ ಕೆಡಿಸ್ಕೋಬೇಡಿ ಅಂದೆ. ನೂರಾರು ಮನೆಗಳಲ್ಲಿ ಹೇಳಿದ ಮಾತು. ಅವರು ಕತ್ತು ಓರೆ ಮಾಡಿಕೊಂಡು, ಮುಗಿದ ಮೇಲೂ ಒಂದು ಗಳಿಗೆ ಕೇಳಿಸಿಕೊಂಡರು.

"ಮೊದಲಿನ ಥರ ಹೇಳೋಕೆ ಬರಲಿಲ್ಲ ನಿನಗೆ," ಅಂದರು.

ನಾನು ಹೌದು ಅಂತ ಒತ್ತಿದೆ, ಎದ್ದು ಪ್ರಿಂಟರಿನ ವೈರು ಬಿಚ್ಚಿದೆ.